ಎಂ. ಸಿ. ಮೋದಿ

ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ (4 ಅಕ್ಟೋಬರ್ 1916 – 11 ನವೆಂಬರ್ 2005) ಕರ್ನಾಟಕದ ಪ್ರಸಿದ್ಧ ನೇತ್ರ ಶಸ್ತ್ರವೈದ್ಯರು. ಡಾ. ಎಂ. ಸಿ. ಮೋದಿ ಎಂದೇ ಹೆಸರಾದ ಇವರು 1943ರಿಂದ ಸಂಚಾರಿ ಕಣ್ಣಿನ ಆಸ್ಪತ್ರೆಯೊಂದಿಗೆ ಊರೂರು ಸುತ್ತಿ, ಉಚಿತ ಶಿಬಿರಗಳಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನಡೆಸಿದರು. ಭಾರತದಲ್ಲಿ ಸಾಮೂಹಿಕ ನೇತ್ರ ಶಸ್ತ್ರಚಿಕಿತ್ಸೆಗೆ ವ್ಯಾಪಕ ರೂಪ ಕೊಟ್ಟವರಲ್ಲಿ ಇವರು ಪ್ರಮುಖರು. ಭಾರತ ಸರ್ಕಾರವು ಇವರಿಗೆ 1956ರಲ್ಲಿ ಪದ್ಮಶ್ರೀ ಹಾಗೂ 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನು ನೀಡಿತು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ಇವರ ಸಾಧನೆ ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಸೇರಿದೆ.

ಮೋದಿಯವರ ಜೀವಿತಾವಧಿಯಲ್ಲಿಯೇ ಪೊರೆಯ ಶಸ್ತ್ರಚಿಕಿತ್ಸೆಯ ವಿಧಾನಗಳು ಹಲವು ಬಾರಿ ಬದಲಾದವು. ಹೀಗಾಗಿ ಇವರ ವೃತ್ತಿಜೀವನವು ಕುಂದಿದ ದೃಷ್ಟಿಯನ್ನು ಮರಳಿಸುವ ಬೇರೆ ಬೇರೆ ಶಸ್ತ್ರಚಿಕಿತ್ಸೆಗಳ ಗುಣದೋಷಗಳನ್ನು ತಿಳಿಯಲು ನೆರವಾಗುತ್ತದೆ.

ಜನನ ಮತ್ತು ಹಿನ್ನೆಲೆ

ಮೋದಿಯವರು ಬೀಳಗಿಯಲ್ಲಿ ಜನಿಸಿದರು. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಸೀಮೆಯ ಈ ಊರು ಆಗ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದ ಭಾಗವಾಯಿತು. 1997ರಲ್ಲಿ ವಿಜಾಪುರ ಜಿಲ್ಲೆ ವಿಭಜನೆಯಾದಾಗ ಬಾಗಲಕೋಟೆ ಜಿಲ್ಲೆಗೆ ಸೇರಿತು.

ಇವರು ವೃತ್ತಿಗೆ ಕಾಲಿಟ್ಟ ಕಾಲದಲ್ಲಿ ಕಣ್ಣಿನ ತಜ್ಞ ಚಿಕಿತ್ಸೆ ದೊಡ್ಡ ನಗರಗಳಿಗಷ್ಟೇ ಸೀಮಿತವಾಗಿತ್ತು. ಹಳೆಯ ಮೈಸೂರು ಭಾಗದವರಿಗೆ ಬೆಂಗಳೂರಿನಲ್ಲಿ ಮಿಂಟೋ ಕಣ್ಣಾಸ್ಪತ್ರೆಯಿತ್ತು. ಉತ್ತರ ಕರ್ನಾಟಕದವರು ದೊಡ್ಡ ಚಿಕಿತ್ಸೆಗೆ ವಿಲಿಯಂ ವಾನ್ಲೆಸ್ ಅವರು ಸ್ಥಾಪಿಸಿದ ಮಿರಜಿನ ಮಿಷನ್ ಆಸ್ಪತ್ರೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಕಣ್ಣು ಕಾಣದ ಮುದುಕರನ್ನು ಅಷ್ಟು ದೂರ ಕರೆದೊಯ್ಯಲು ಜೊತೆಗೊಬ್ಬರು ಬೇಕು, ದಾರಿಯ ಖರ್ಚು ಬೇಕು, ಹಲವು ದಿನಗಳ ಕೂಲಿಯನ್ನೂ ಬಿಡಬೇಕು. ಅದು ಸಾಧ್ಯವಾಗದ ಮನೆಗಳಲ್ಲಿ ಪೊರೆ ಬಂದ ಹಿರಿಯರು ಕುರುಡರಾಗಿಯೇ ಉಳಿಯುತ್ತಿದ್ದರು.

ಸಂಚಾರಿ ಕಣ್ಣಿನ ಆಸ್ಪತ್ರೆ

1943ರಲ್ಲಿ, ತಮ್ಮ 27ನೆಯ ವಯಸ್ಸಿಗೆ ಮುನ್ನವೇ ಅಥವಾ ಅದರ ಆಸುಪಾಸಿನಲ್ಲಿ, ಮೋದಿಯವರು ಸಾಮೂಹಿಕ ನೇತ್ರ ಶಸ್ತ್ರಚಿಕಿತ್ಸೆಯ ಕೆಲಸವನ್ನು ಆರಂಭಿಸಿದರು. ರೋಗಿಗಳು ಆಸ್ಪತ್ರೆಗೆ ಬರುವುದನ್ನು ಕಾಯದೆ, ಆಸ್ಪತ್ರೆಯೇ ರೋಗಿಗಳ ಬಳಿಗೆ ಹೋಗಬೇಕು ಎಂಬುದು ಅವರ ಕಾರ್ಯಕ್ರಮದ ತಿರುಳಾಗಿತ್ತು.

ಭಾರತದಲ್ಲಿ ಸಾಮೂಹಿಕ ಶಸ್ತ್ರಚಿಕಿತ್ಸೆಯ ಪದ್ಧತಿ ಅದಕ್ಕೂ ಮುಂಚೆ ಪಂಜಾಬಿನಲ್ಲಿ ಬೆಳೆದಿತ್ತು. ಜಲಂಧರದಲ್ಲಿ ಹೆನ್ರಿ ಸ್ಮಿತ್ ಮತ್ತು ಮೋಗಾದಲ್ಲಿ ಮಥುರಾದಾಸ್ ಅವರು ಪೊರೆ ತೆಗೆಯುವುದರಲ್ಲಿ ಅಪಾರ ಹೆಸರು ಗಳಿಸಿದ್ದರು. ಮೋದಿಯವರು ಅಂತಹ ಸೇವೆಯನ್ನು ಸ್ಥಿರವಾದ ಒಂದೇ ಕೇಂದ್ರಕ್ಕೆ ಕಟ್ಟಿಹಾಕದೆ ಹಳ್ಳಿಗಳತ್ತ ಒಯ್ದರು.

ಆ ಕಾಲದ ನೇತ್ರ ಶಿಬಿರಗಳು ಸಾಮಾನ್ಯವಾಗಿ ಶಾಲೆ, ಛತ್ರ ಅಥವಾ ಚಪ್ಪರದಲ್ಲಿ ನಡೆಯುತ್ತಿದ್ದವು. ಊರಿನ ವರ್ತಕರು ಮತ್ತು ಸೇವಾಸಂಸ್ಥೆಗಳು ಊಟ, ಹಾಸಿಗೆ, ಔಷಧಗಳ ವೆಚ್ಚವನ್ನು ಹೊರುತ್ತಿದ್ದವು. ಮೊದಲು ತಪಾಸಣೆ ನಡೆಸಿ ಶಸ್ತ್ರಚಿಕಿತ್ಸೆಗೆ ಯೋಗ್ಯರಾದವರನ್ನು ಆರಿಸಲಾಗುತ್ತಿತ್ತು. ಸಹಾಯಕರು ರೋಗಿಯ ಮುಖ ತೊಳೆದು, ಕಣ್ಣಿನ ಸುತ್ತ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಮೇಜಿನ ಮೇಲೆ ಮಲಗಿಸುತ್ತಿದ್ದರು. ಶಸ್ತ್ರವೈದ್ಯರು ಒಂದು ಮೇಜಿನ ಕೆಲಸ ಮುಗಿಸುವಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧರಾಗಿರುತ್ತಿದ್ದರು. ಬಳಿಕ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದಂತೆ ಹಲವು ದಿನ ಅಲ್ಲಿಯೇ ಮಲಗಿಸಲಾಗುತ್ತಿತ್ತು.

ಗಿನ್ನೆಸ್ ದಾಖಲೆಯ ಪ್ರಕಾರ, 1993ರ ಫೆಬ್ರವರಿಯವರೆಗೆ ಮೋದಿಯವರ ಸೇವೆ 46,120 ಹಳ್ಳಿಗಳನ್ನೂ 1,21,18,630 ರೋಗಿಗಳನ್ನೂ ತಲುಪಿತ್ತು. ನಡೆಸಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆ 6,10,564. ಐವತ್ತು ವರ್ಷಗಳಿಗೆ ಹಂಚಿದರೆ ಇದು ವರ್ಷಕ್ಕೆ ಸುಮಾರು 12,200, ದಿನಕ್ಕೆ ಸುಮಾರು 33 ಶಸ್ತ್ರಚಿಕಿತ್ಸೆಗಳಾಗುತ್ತವೆ. ಪರೀಕ್ಷಿಸಿದ ಸುಮಾರು ಇಪ್ಪತ್ತು ಜನರಿಗೆ ಒಂದರಂತೆ ಶಸ್ತ್ರಚಿಕಿತ್ಸೆ ನಡೆದಿದೆ ಎಂಬುದು ಈ ಅಂಕಿಗಳಿಂದ ತಿಳಿಯುತ್ತದೆ. ಶಿಬಿರದ ಕೆಲಸದಲ್ಲಿ ಕತ್ತರಿಗಿಂತ ತಪಾಸಣೆಯ ಪಾಲೇ ದೊಡ್ಡದಾಗಿತ್ತು. ಒಂದೇ ದಿನದ 833 ಶಸ್ತ್ರಚಿಕಿತ್ಸೆಗಳನ್ನು ಇಪ್ಪತ್ನಾಲ್ಕು ಗಂಟೆಗಳಿಗೆ ಹಂಚಿದರೂ ಒಂದು ಕಣ್ಣಿಗೆ ಎರಡು ನಿಮಿಷ ಪೂರ್ತಿ ದೊರೆಯುವುದಿಲ್ಲ. ಶಸ್ತ್ರವೈದ್ಯರ ಕೈಚಳಕದ ಜೊತೆಗೆ ಸಹಾಯಕರ ಶಿಸ್ತು ಮತ್ತು ಆರಿಸಿಕೊಂಡ ವಿಧಾನದ ಸರಳತೆಯಿಲ್ಲದೆ ಈ ವೇಗ ಸಾಧ್ಯವಿರಲಿಲ್ಲ.

ಪೊರೆ ಶಸ್ತ್ರಚಿಕಿತ್ಸೆಯ ವಿಧಾನಗಳು

ಕಣ್ಣಿನ ಪೊರೆ ಎಂದರೆ ಕಣ್ಣಿನೊಳಗಿನ ಪಾರದರ್ಶಕ ಮಸೂರವು ಮಬ್ಬಾಗುವುದು. ಉತ್ತರ ಕರ್ನಾಟಕದಲ್ಲಿ ಇದನ್ನು ಮೋತಿಬಿಂದು ಎಂದೂ ಕರೆಯುತ್ತಾರೆ. ಹನಿ ಔಷಧದಿಂದಾಗಲಿ ಕನ್ನಡಕದಿಂದಾಗಲಿ ಇದು ಗುಣವಾಗುವುದಿಲ್ಲ. ಮಬ್ಬಾದ ಮಸೂರವನ್ನು ಬೆಳಕಿನ ದಾರಿಯಿಂದ ಸರಿಸುವುದೇ ಚಿಕಿತ್ಸೆ. ಅದನ್ನು ಹೇಗೆ ಸರಿಸಬೇಕು, ತೆರವಾದ ಜಾಗದಲ್ಲಿ ಏನನ್ನು ಇಡಬೇಕು ಎಂಬ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳಲ್ಲಿ ವಿವಿಧ ವಿಧಾನಗಳು ಭಿನ್ನವಾಗುತ್ತವೆ.

ಪೊರೆಯನ್ನು ಕೆಳಗೆ ತಳ್ಳುವುದು: ಸುಶ್ರುತ ಸಂಹಿತೆಯಲ್ಲಿ ವಿವರಿಸಲಾದ ಪ್ರಾಚೀನ ವಿಧಾನವಿದು. ಸೂಜಿಯಂತಹ ಸಲಕರಣೆಯಿಂದ ಮಸೂರವನ್ನು ಕಣ್ಣಿನ ತಳಕ್ಕೆ ದೂಡಲಾಗುತ್ತಿತ್ತು. ಒಡನೆ ಬೆಳಕು ಕಾಣುತ್ತಿತ್ತಾದರೂ, ಮಸೂರವು ಕಣ್ಣಿನೊಳಗೇ ಉಳಿಯುವುದರಿಂದ ಉರಿಯೂತ, ಕಣ್ಣಿನ ಒತ್ತಡದ ಏರಿಕೆ ಹಾಗೂ ಸೋಂಕಿನಿಂದ ಅನೇಕರು ಆಮೇಲೆ ದೃಷ್ಟಿಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಿದ್ದರು. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಮಸೂರವನ್ನು ಕಣ್ಣಿನಿಂದ ಹೊರತೆಗೆಯುವ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದ ಮೇಲೂ, ಊರಿಂದೂರಿಗೆ ತಿರುಗುವ ಸೂಜಿ ವೈದ್ಯರು ಭಾರತದ ಹಳ್ಳಿಗಳಲ್ಲಿ ಬಹುಕಾಲ ಉಳಿದರು.

ಕೋಶಸಹಿತ ಮಸೂರ ತೆಗೆಯುವುದು: ಮೋದಿಯವರು ಶಿಬಿರಗಳನ್ನು ಆರಂಭಿಸಿದ ಕಾಲದಲ್ಲಿ ಭಾರತದ ನೇತ್ರ ಶಿಬಿರಗಳಲ್ಲಿ ಪ್ರಚಲಿತವಾಗಿದ್ದ ವಿಧಾನವಿದು. ಕಾರ್ನಿಯಾದ ಅಂಚಿನಲ್ಲಿ ಸುಮಾರು ಅರ್ಧವೃತ್ತದಷ್ಟು ಗಾಯ ಮಾಡಿ, ಮಸೂರವನ್ನು ಅದರ ಹೊರಕೋಶದ ಸಮೇತ ಇಡಿಯಾಗಿ ತೆಗೆಯಲಾಗುತ್ತದೆ. ಇದಕ್ಕೆ ದುಬಾರಿ ಯಂತ್ರವಾಗಲಿ ಸೂಕ್ಷ್ಮದರ್ಶಕವಾಗಲಿ ಅನಿವಾರ್ಯವಲ್ಲ. ಪಳಗಿದ ಕೈಗೆ ಕೆಲವೇ ನಿಮಿಷ ಸಾಕು. ಆದರೆ ಗಾಯ ದೊಡ್ಡದಾದ್ದರಿಂದ ಮಾಯಲು ಹೆಚ್ಚು ಕಾಲ ಬೇಕು. ಕಣ್ಣಿನೊಳಗಿನ ಲೋಳೆದ್ರವ ಹೊರಬರುವ ಮತ್ತು ಮುಂದೆ ಅಕ್ಷಿಪಟಲ ಕಳಚಿಕೊಳ್ಳುವ ಅಪಾಯ ಹೆಚ್ಚು. ಮಸೂರವೇ ಇಲ್ಲದ ಕಣ್ಣಿಗೆ ಸುಮಾರು 10 ಡಯಾಪ್ಟರಿನ ದಪ್ಪ ಕನ್ನಡಕ ಬೇಕಾಗುತ್ತದೆ.

ಕೋಶ ಉಳಿಸಿ ಮಸೂರ ತೆಗೆಯುವುದು: ಇದರಲ್ಲಿ ಮಸೂರದ ಕೋಶದ ಮುಂಭಾಗವನ್ನು ತೆರೆದು ಒಳಗಿನ ಮಬ್ಬನ್ನು ತೆಗೆದು, ಹಿಂಭಾಗವನ್ನು ಹಾಗೆಯೇ ಬಿಡಲಾಗುತ್ತದೆ. ಉಳಿದ ಕೋಶವು ಕೃತಕ ಮಸೂರವನ್ನು ಕೂರಿಸಲು ಚೀಲದಂತೆ ಒದಗುತ್ತದೆ. ಸೂಕ್ಷ್ಮದರ್ಶಕ ಮತ್ತು ಹೊಲಿಗೆ ಬೇಕು. ಕೆಲವರಲ್ಲಿ ತಿಂಗಳುಗಳು ಅಥವಾ ವರ್ಷಗಳ ಬಳಿಕ ಹಿಂಭಾಗದ ಕೋಶ ಮಬ್ಬಾಗುತ್ತದೆ. ಅದನ್ನು ಯಾಗ್ ಲೇಸರ್‌ನಿಂದ ಸರಿಪಡಿಸಬಹುದು.

ಸಣ್ಣ ಗಾಯದ ಕೈ ಶಸ್ತ್ರಚಿಕಿತ್ಸೆ: ಕಣ್ಣಿನ ಬಿಳಿಭಾಗದಲ್ಲಿ 6ರಿಂದ 7 ಮಿ.ಮೀ. ಅಗಲದ ಸುರಂಗದಂತಹ ದಾರಿ ಮಾಡಿ ಮಸೂರದ ಗಟ್ಟಿಭಾಗವನ್ನು ಹೊರತಂದು ಕೃತಕ ಮಸೂರವನ್ನು ಇಡಲಾಗುತ್ತದೆ. ಗಾಯ ತಾನೇ ಮುಚ್ಚಿಕೊಳ್ಳುವುದರಿಂದ ಸಾಮಾನ್ಯವಾಗಿ ಹೊಲಿಗೆ ಬೇಕಿಲ್ಲ. ಫೇಕೋ ಯಂತ್ರ ಬೇಡದ, ಕಡಿಮೆ ವೆಚ್ಚದ, ಬಲಿತು ಗಟ್ಟಿಯಾದ ಪೊರೆಗೂ ಒಗ್ಗುವ ಈ ವಿಧಾನವು ಭಾರತ ಮತ್ತು ನೇಪಾಳದಲ್ಲಿ ಹೆಚ್ಚಿನ ಸಂಖ್ಯೆಯ ಶಸ್ತ್ರಚಿಕಿತ್ಸೆಗಳಿಗೆ ಆಧಾರವಾಗಿದೆ.

ಫೇಕೋ: ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಬಳಕೆಗೆ ತಂದ ವಿಧಾನ. ಸುಮಾರು 3 ಮಿ.ಮೀ. ಅಥವಾ ಅದಕ್ಕಿಂತ ಚಿಕ್ಕ ಗಾಯದ ಮೂಲಕ ಶ್ರವಣಾತೀತ ಕಂಪನಗಳಿಂದ ಮಸೂರವನ್ನು ಪುಡಿಮಾಡಿ ಹೀರಿ ತೆಗೆದು, ಮಡಿಸಬಹುದಾದ ಕೃತಕ ಮಸೂರವನ್ನು ಒಳಗಿಡಲಾಗುತ್ತದೆ. ಬೇಗ ಚೇತರಿಕೆಯಾಗುತ್ತದೆ, ಗಾಯದಿಂದ ಕಾರ್ನಿಯಾದ ಆಕಾರ ಕೆಡುವುದೂ ಕಡಿಮೆ. ಆದರೆ ಯಂತ್ರ, ಅದರ ನಿರ್ವಹಣೆ ಮತ್ತು ವಿಶೇಷ ತರಬೇತಿ ಬೇಕು. ಅತಿಯಾಗಿ ಗಟ್ಟಿಯಾದ ಪೊರೆಯಲ್ಲಿ ಕಾರ್ನಿಯಾಕ್ಕೆ ಪೆಟ್ಟಾಗುವ ಸಂಭವ ಹೆಚ್ಚು.

ದಪ್ಪ ಕನ್ನಡಕದಿಂದ ಕೃತಕ ಮಸೂರಕ್ಕೆ

ಕೋಶಸಹಿತ ಮಸೂರ ತೆಗೆಸಿಕೊಂಡವರ ಬದುಕು ಕನ್ನಡಕದ ಮೇಲೆ ನಿಂತಿತ್ತು. ಆ ದಪ್ಪ ಗಾಜಿನಲ್ಲಿ ವಸ್ತುಗಳು ಸುಮಾರು ಕಾಲುಭಾಗದಷ್ಟು ದೊಡ್ಡದಾಗಿ ಕಾಣುತ್ತವೆ; ನೆಟ್ಟನೆಯ ಗೆರೆಗಳು ಬಾಗುತ್ತವೆ; ನೋಟದ ಸುತ್ತ ಉಂಗುರದಾಕಾರದ ಕುರುಡು ಪಟ್ಟಿ ಉಂಟಾಗಿ, ಪಕ್ಕದಿಂದ ಬರುವ ವ್ಯಕ್ತಿ ಅಥವಾ ಬಂಡಿ ತಟ್ಟನೆ ಎದುರಿಗೆ ಮೂಡಿದಂತಾಗುತ್ತದೆ. ಒಂದು ಕಣ್ಣಿಗಷ್ಟೇ ಶಸ್ತ್ರಚಿಕಿತ್ಸೆಯಾಗಿ ಇನ್ನೊಂದು ಚೆನ್ನಾಗಿ ಕಾಣುತ್ತಿದ್ದರೆ ಎರಡರ ಚಿತ್ರಗಳೂ ಒಂದಾಗುವುದಿಲ್ಲ. ಕಳೆ ತೆಗೆಯಲು ಬಾಗಿದಾಗ ಜಾರಿ ಬಿದ್ದು ಕನ್ನಡಕ ಒಡೆದರೆ, ಹೊಸದು ಸಿಗುವವರೆಗೆ ಆ ವ್ಯಕ್ತಿ ವ್ಯವಹಾರದಲ್ಲಿ ಮತ್ತೆ ಕುರುಡರೇ.

ಇದಕ್ಕೆ ಪರಿಹಾರ ಮೋದಿಯವರ ವೃತ್ತಿಜೀವನದ ಆರಂಭದ ವರ್ಷಗಳಲ್ಲಿಯೇ ಇಂಗ್ಲೆಂಡಿನಲ್ಲಿ ಹುಟ್ಟಿತು. ಯುದ್ಧ ವಿಮಾನಗಳ ಪರ್ಸ್ಪೆಕ್ಸ್ ಚೂರುಗಳು ಪೈಲಟ್‌ಗಳ ಕಣ್ಣಿನೊಳಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಳ್ಳುವುದನ್ನು ಗಮನಿಸಿದ್ದ ಹೆರಾಲ್ಡ್ ರಿಡ್ಲಿ, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಕೃತಕ ಮಸೂರವನ್ನು ಕಣ್ಣಿನೊಳಗೆ ಇಟ್ಟರು. ಆಗ ಮೋದಿಯವರಿಗೆ 33 ವರ್ಷ. ಆದರೆ ಈ ಮಸೂರ ವೈದ್ಯಲೋಕದ ಒಪ್ಪಿಗೆ ಪಡೆಯಲು ಮೂರು ದಶಕಗಳೇ ಬೇಕಾದವು. ಭಾರತದ ಬಡ ರೋಗಿಗಳಿಗೆ ಅದರ ಬೆಲೆಯೂ ಅಡ್ಡಿಯಾಗಿತ್ತು. ಡಾ. ಜಿ. ವೆಂಕಟಸ್ವಾಮಿ ಅವರು 1976ರಲ್ಲಿ ಮದುರೈನಲ್ಲಿ ಆರಂಭಿಸಿದ ಅರವಿಂದ್ ಕಣ್ಣಾಸ್ಪತ್ರೆಯ ಬಳಗವು 1992ರಲ್ಲಿ ಅರೋಲ್ಯಾಬ್ ಎಂಬ ಘಟಕವನ್ನು ಸ್ಥಾಪಿಸಿ ಅಗ್ಗದ ಮಸೂರಗಳನ್ನು ತಯಾರಿಸತೊಡಗಿದ ಬಳಿಕ ಪರಿಸ್ಥಿತಿ ಬದಲಾಯಿತು. ಆ ವೇಳೆಗೆ ಮೋದಿಯವರು ಎಪ್ಪತ್ತೈದನ್ನು ದಾಟಿದ್ದರು.

ಶಸ್ತ್ರಚಿಕಿತ್ಸೆಗೆ ಸರಿಯಾದ ಸಮಯದ ಕುರಿತ ತಿಳಿವಳಿಕೆಯೂ ಇದರೊಂದಿಗೆ ಬದಲಾಯಿತು. ದಪ್ಪ ಕನ್ನಡಕದ ಕಾಲದಲ್ಲಿ ಪೊರೆ ಪೂರ್ತಿ ಬಲಿಯುವವರೆಗೆ ಕಾಯುವುದು ರೂಢಿಯಾಗಿತ್ತು. ಕೃತಕ ಮಸೂರ ಬಂದ ಮೇಲೆ, ನಿತ್ಯದ ಕೆಲಸಕ್ಕೆ ತೊಡಕಾದೊಡನೆ ಶಸ್ತ್ರಚಿಕಿತ್ಸೆ ಮಾಡಿಸಬಹುದಾಗಿದೆ. ಹೆಚ್ಚು ಕಾದರೆ ಪೊರೆ ಗಟ್ಟಿಯಾಗಿ ಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆ.

ಶಿಬಿರ ಪದ್ಧತಿ ಮತ್ತು ಅದರ ಮಿತಿಗಳು

ಭಾರತವು 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. 1986–89ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಅಂಧತ್ವದ ಸುಮಾರು ಶೇ. 80ಕ್ಕೆ ಪೊರೆಯೇ ಕಾರಣವೆಂದು ಕಂಡುಬಂದಿತು. ಇಂತಹ ಸ್ಥಿತಿಯಲ್ಲಿ ಮೋದಿಯವರಂತಹ ಶಸ್ತ್ರವೈದ್ಯರ ಮುಂದಿದ್ದ ಆಯ್ಕೆ ಉತ್ತಮ ವಿಧಾನ ಮತ್ತು ಕೆಳಮಟ್ಟದ ವಿಧಾನಗಳ ನಡುವಿನದಾಗಿರಲಿಲ್ಲ. ಸರಳ ವಿಧಾನದಿಂದ ಬಹುಜನರಿಗೆ ನಡೆದಾಡುವಷ್ಟಾದರೂ ದೃಷ್ಟಿ ಕೊಡುವುದು ಅಥವಾ ಅವರನ್ನು ಕತ್ತಲೆಯಲ್ಲಿಯೇ ಬಿಡುವುದು, ಇವೆರಡರ ನಡುವಿನದಾಗಿತ್ತು.

ಆದರೂ ಶಿಬಿರ ಪದ್ಧತಿ ಟೀಕೆಗೆ ಹೊರತಾಗಿರಲಿಲ್ಲ. ಶಾಲೆ, ಛತ್ರಗಳಲ್ಲಿ ಕ್ರಿಮಿರಹಿತ ವಾತಾವರಣ ಕಾಯುವುದು ಕಷ್ಟ. ಸಲಕರಣೆ ಅಥವಾ ದ್ರಾವಣ ಒಮ್ಮೆ ಕಲುಷಿತವಾದರೆ ಒಂದೇ ದಿನ ಹಲವರ ಕಣ್ಣು ಸೋಂಕಿಗೆ ತುತ್ತಾಗುತ್ತದೆ. ಶಿಬಿರ ಮುಗಿದು ತಂಡ ಮುಂದಿನ ಊರಿಗೆ ಹೋದ ಮೇಲೆ ನೋವು, ಕೆಂಪು ಕಾಣಿಸಿಕೊಂಡವರು ಯಾರ ಬಳಿಗೆ ಹೋಗಬೇಕೆಂಬುದು ಸ್ಪಷ್ಟವಿರುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಗಳ ಎಣಿಕೆ ಸುಲಭ; ಆರು ವಾರಗಳ ನಂತರ ಎಷ್ಟು ಜನರಿಗೆ ಎಷ್ಟು ಕಾಣುತ್ತಿದೆ ಎಂಬ ಲೆಕ್ಕವಿಡುವುದು ಕಷ್ಟ. ಇಂತಹ ಕಾರಣಗಳಿಂದ ಸರ್ಕಾರಿ ನೀತಿಯು ಕ್ರಮೇಣ ತಾತ್ಕಾಲಿಕ ಸ್ಥಳಗಳಲ್ಲಿನ ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟು, ಹಳ್ಳಿಯಲ್ಲಿ ತಪಾಸಣೆ ಮಾಡಿ ರೋಗಿಗಳನ್ನು ಸುಸಜ್ಜಿತ ಆಸ್ಪತ್ರೆಗೆ ಕರೆತರುವ ಕ್ರಮದತ್ತ ವಾಲಿತು.

ಆಳಂದ, ಅಫಜಲಪುರ, ಜೇವರ್ಗಿಯಂತಹ ತಾಲ್ಲೂಕುಗಳಿಗೆ ಈ ಬದಲಾವಣೆಯ ಅರ್ಥ ದೊಡ್ಡದು. ಮೋದಿಯವರು ಕೆಲಸ ಆರಂಭಿಸಿದಾಗ ಈ ಪ್ರದೇಶ ಹೈದರಾಬಾದ್ ನಿಜಾಮರ ಆಳ್ವಿಕೆಯ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. 1956ರಲ್ಲಿ ಬೀಳಗಿಯೊಂದಿಗೆ ಇದೂ ಮೈಸೂರು ರಾಜ್ಯಕ್ಕೆ ಸೇರಿತು. ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದದ್ದು 1963ರಲ್ಲಿ. ಗಡಿಗೆ ಹತ್ತಿರವಾದ ಆಳಂದ ಮತ್ತು ಅಫಜಲಪುರದವರು ಚಿಕಿತ್ಸೆಗೆ ಸೊಲ್ಲಾಪುರಕ್ಕೂ ಹೋಗುತ್ತಾರೆ. 1994ರಲ್ಲಿ ವಿಶ್ವಬ್ಯಾಂಕ್ ನೆರವಿನ ಪೊರೆ ಅಂಧತ್ವ ನಿಯಂತ್ರಣ ಯೋಜನೆ ಏಳು ರಾಜ್ಯಗಳಲ್ಲಿ ಆರಂಭವಾದಾಗ ಮಹಾರಾಷ್ಟ್ರ ಅದರಲ್ಲಿತ್ತು, ಕರ್ನಾಟಕ ಇರಲಿಲ್ಲ. ಭೀಮಾ ತೀರದ ತೊಗರಿ, ಜೋಳದ ಹೊಲಗಳಲ್ಲಿ ದುಡಿಯುವವರಿಗೆ ಶಸ್ತ್ರಚಿಕಿತ್ಸೆ ಉಚಿತವಾದರೆ ಮಾತ್ರ ಸಾಲದು. ಹೋಗಿಬರುವ ದಾರಿ, ಜೊತೆಗಿರುವವರು ಮತ್ತು ಮರುತಪಾಸಣೆ, ಇವುಗಳ ವ್ಯವಸ್ಥೆಯೂ ಇರಬೇಕು. ಮೋದಿಯವರ ಸಂಚಾರಿ ಆಸ್ಪತ್ರೆ ಈ ತೊಡಕುಗಳಲ್ಲಿ ಮೊದಲೆರಡನ್ನು ಮನೆಯ ಹತ್ತಿರವೇ ಬಗೆಹರಿಸಿತ್ತು. ಈಗಿನ ಕ್ರಮವು ಸುರಕ್ಷತೆ ಮತ್ತು ದೃಷ್ಟಿಯ ಗುಣಮಟ್ಟವನ್ನು ಹೆಚ್ಚಿಸಿದೆ, ಆದರೆ ರೋಗಿಯನ್ನು ಮತ್ತೆ ನಗರದತ್ತ ನಡೆಸಿದೆ.

ಕನ್ನಡಕ ಬಿಡಿಸುವ ಶಸ್ತ್ರಚಿಕಿತ್ಸೆಗಳೊಂದಿಗಿನ ವ್ಯತ್ಯಾಸ

ಪೊರೆಯ ಚಿಕಿತ್ಸೆಯನ್ನು ಸಮೀಪದೃಷ್ಟಿ, ದೂರದೃಷ್ಟಿಗಳಂತಹ ದೋಷಗಳ ಶಸ್ತ್ರಚಿಕಿತ್ಸೆಯೊಂದಿಗೆ ಒಂದಾಗಿ ಭಾವಿಸುವುದುಂಟು. ಇವು ಬೇರೆ ಬೇರೆ. ದೃಷ್ಟಿದೋಷದಲ್ಲಿ ಮಸೂರ ಮಬ್ಬಾಗಿರುವುದಿಲ್ಲ, ಬೆಳಕು ಅಕ್ಷಿಪಟಲದ ಮೇಲೆ ಸರಿಯಾಗಿ ಕೇಂದ್ರೀಕರಿಸುವುದಿಲ್ಲ, ಅಷ್ಟೇ. ಕಾರ್ನಿಯಾದ ಆಕಾರ ಬದಲಿಸಿ ಅದನ್ನು ಸರಿಪಡಿಸುವ ಶಾಸ್ತ್ರಕ್ಕೆ ಬುನಾದಿ ಹಾಕಿದವರು ಕೊಲಂಬಿಯಾದಲ್ಲಿ ಕೆಲಸ ಮಾಡಿದ ಹೋಸೆ ಬರಾಕೇರ್. ಅವರೂ ಮೋದಿಯವರಂತೆ 1916ರಲ್ಲಿ ಹುಟ್ಟಿದವರು. ರಷ್ಯಾದ ಸ್ವ್ಯಾತೊಸ್ಲಾವ್ ಫ್ಯೊದರೊವ್ 1970ರ ದಶಕದಲ್ಲಿ ಕಾರ್ನಿಯಾದ ಮೇಲೆ ಅರೆಕಾಲುಗಳಂತೆ ಗೀರುಗಳನ್ನು ಹಾಕುವ ವಿಧಾನವನ್ನು ಜನಪ್ರಿಯಗೊಳಿಸಿದರು. ಬಳಿಕ ಎಕ್ಸೈಮರ್ ಲೇಸರ್ ಆ ಸ್ಥಾನವನ್ನು ಆಕ್ರಮಿಸಿತು.

ಪಿಆರ್‌ಕೆ ವಿಧಾನದಲ್ಲಿ ಕಾರ್ನಿಯಾದ ಮೇಲ್ಪದರ ಸರಿಸಿ ಲೇಸರ್ ಹಾಯಿಸಲಾಗುತ್ತದೆ. ಕೆಲವು ದಿನ ನೋವಿದ್ದರೂ ಪದರದ ಮುಚ್ಚಳ ಇರುವುದಿಲ್ಲ. ಲ್ಯಾಸಿಕ್ ವಿಧಾನದಲ್ಲಿ ತೆಳು ಮುಚ್ಚಳ ಎತ್ತಿ ಒಳಪದರಕ್ಕೆ ಲೇಸರ್ ಹಾಯಿಸುವುದರಿಂದ ನೋಟ ಬೇಗ ಮರಳುತ್ತದೆ. ಕಣ್ಣು ಒಣಗುವ ತೊಂದರೆ ಕೆಲವರಲ್ಲಿ ಕಾಣುತ್ತದೆ. ಕಾರ್ನಿಯಾ ತೆಳ್ಳಗಿರುವವರಿಗೆ ಅಥವಾ ಕನ್ನಡಕದ ನಂಬರು ಬಹಳ ಹೆಚ್ಚಿರುವವರಿಗೆ ಸ್ವಂತ ಮಸೂರವನ್ನು ಉಳಿಸಿ ಅದರ ಮುಂದೆ ಇನ್ನೊಂದು ಮಸೂರವನ್ನು ಇಡುವ ವಿಧಾನವಿದೆ. ಇವು ಸಾಮಾನ್ಯವಾಗಿ 18 ವರ್ಷ ಮೀರಿದ, ನಂಬರು ಸ್ಥಿರವಾದವರಿಗೆ ಮಾತ್ರ. ಯಾವುದೂ ಮುಂದೆ ಪೊರೆ ಬರುವುದನ್ನು ತಡೆಯುವುದಿಲ್ಲ. ಮೊದಲೇ ಲೇಸರ್ ಮಾಡಿಸಿಕೊಂಡವರಿಗೆ ಪೊರೆ ಬಂದಾಗ ಕೃತಕ ಮಸೂರದ ಅಳತೆ ಲೆಕ್ಕಹಾಕುವುದು ತೊಡಕಾಗುವುದರಿಂದ, ಹಳೆಯ ದಾಖಲೆಗಳನ್ನು ಕಾಯ್ದಿಡುವುದು ಒಳಿತು.

ಪ್ರಶಸ್ತಿಗಳು

ಪದ್ಮಶ್ರೀ, 1956
ಪದ್ಮಭೂಷಣ, 1968

ಕೊನೆಯ ವರ್ಷಗಳು ಮತ್ತು ನೆನಪು

ಮೋದಿಯವರ ಹೆಸರಿನ ಕಣ್ಣಾಸ್ಪತ್ರೆ ಬೆಂಗಳೂರಿನ ಮಹಾಲಕ್ಷ್ಮಿಪುರದ ಬಳಿ ಇದೆ. ಅದರ ಪಕ್ಕದ ರಸ್ತೆ ಮೋದಿ ಆಸ್ಪತ್ರೆ ರಸ್ತೆ ಎಂದು ಕರೆಯಲ್ಪಡುತ್ತದೆ. ದಾವಣಗೆರೆಯಲ್ಲಿ ಒಂದು ವೃತ್ತಕ್ಕೆ ಇವರ ಹೆಸರಿದೆ. 2005ರ ನವೆಂಬರ್ 11ರಂದು, ತಮ್ಮ 89ನೆಯ ವಯಸ್ಸಿನಲ್ಲಿ ಇವರು ನಿಧನರಾದರು.

ಕೋಶಸಹಿತ ಮಸೂರ ತೆಗೆಯುವ ವಿಧಾನ ಇಂದು ವಿಶೇಷ ಸಂದರ್ಭಗಳನ್ನು ಬಿಟ್ಟರೆ ಬಳಕೆಯಲ್ಲಿಲ್ಲ. ಚಪ್ಪರದಡಿಯ ಶಸ್ತ್ರಚಿಕಿತ್ಸೆಯೂ ನಿಂತಿದೆ. ಆದರೆ ಶಸ್ತ್ರಚಿಕಿತ್ಸೆಯ ಕೆಲಸವನ್ನು ಹಂತಹಂತವಾಗಿ ವಿಂಗಡಿಸಿ ವೈದ್ಯರ ಸಮಯವನ್ನು ಉಳಿಸುವುದು, ರೋಗಿಯನ್ನು ಆತನ ಊರಿನಲ್ಲಿಯೇ ಹುಡುಕಿ ಗುರುತಿಸುವುದು, ಹಣವಿಲ್ಲವೆಂಬ ಕಾರಣಕ್ಕೆ ಯಾರನ್ನೂ ಹಿಂದಕ್ಕೆ ಕಳುಹಿಸದಿರುವುದು, ಇವು ಇಂದಿನ ನೇತ್ರಸೇವೆಯಲ್ಲಿ ಮುಂದುವರಿದಿವೆ.